ಆ ಬಕ ನನ್ನ ಗೆಳೆಯನಲ್ಲ

ಹಕ್ಕಿಯನ್ನು ಗೆಳೆಯ ಎಂದು ಕರೆಯುವುದು ಈಗ ನಮ್ಮಲ್ಲಿ ಒಂದು ಚಟವಾಗಿದೆ. ಮೊಬೈಲ್ ತೆರೆದರೆ ಯಾರದೋ ಅಂಗೈ ಮೇಲೆ ಮೈನಾ, ಯಾರದೋ ಭುಜದ ಮೇಲೆ ಗಿಳಿ, ಯಾರದೋ ದೋಣಿಯ ಅಂಚಿನಲ್ಲಿ ಮೀನಿಗಾಗಿ ಕೊಕ್ಕು ಚಾಚಿದ ಬೆಳ್ಳಕ್ಕಿ. ಹಿನ್ನೆಲೆಯಲ್ಲಿ ಕೊಳಲು, ಕೆಳಗೆ ಸಾಲುಸಾಲು ಕೆಂಪು ಹೃದಯಗಳು. ನಮ್ಮ ಪ್ರಬಂಧಗಳೂ ಹಿಂದೆ ಬಿದ್ದಿಲ್ಲ. ಒಂಟಿ ಲೇಖಕ, ಒಂಟಿ ಹಕ್ಕಿ, ಒಂದು ಕಿಟಕಿ, ಒಂದು ಹಿಡಿ ಅಕ್ಕಿ. ಮೂರನೇ ಪ್ಯಾರಾದ ಹೊತ್ತಿಗೆ ಸ್ನೇಹ ಕುದುರಿರುತ್ತದೆ. ಕೊನೆಯ ಪ್ಯಾರಾದಲ್ಲಿ ಹಕ್ಕಿ ಬರುವುದು ನಿಂತು ಲೇಖಕರ ಕಣ್ಣು ತೇವವಾಗುತ್ತದೆ. ಹಕ್ಕಿ ಎಲ್ಲಿಗೆ ಹೋಯಿತು, ಯಾಕೆ ಹೋಯಿತು, ಅದರ ಮರ ಇದೆಯೋ ಕಡಿದರೋ ಎಂಬುದು ಮಾತ್ರ ಪ್ರಬಂಧದಲ್ಲಿ ಇರುವುದಿಲ್ಲ.

ನನ್ನ ತಕರಾರು ಪ್ರೀತಿಯ ಬಗ್ಗೆ ಅಲ್ಲ, ಆ ಪದದ ಬಗ್ಗೆ. ಒಂದು ಪದಕ್ಕೆ ಇಷ್ಟು ಜಗಳವೇ ಎಂದು ನೀವು ಕೇಳಬಹುದು. ಸಾಹಿತ್ಯ ಓದುವವರೇ ಹಾಗೆ ಕೇಳಿದರೆ ಹೇಗೆ? ಪದ ಸಡಿಲವಾದರೆ ಅದರ ಹಿಂದೆಯೇ ನಡತೆಯೂ ಸಡಿಲವಾಗುತ್ತದೆ. ಈ ಪ್ರಸಂಗದಲ್ಲಂತೂ ಸಡಿಲ ಪದದ ದಂಡವನ್ನು ಕಟ್ಟುವುದು ನಾವಲ್ಲ, ಹಕ್ಕಿ.

ದೂರದಲ್ಲಿ ಕೂತು ಉಪದೇಶ ಮಾಡುತ್ತಿಲ್ಲ. ನನ್ನ ಪಕ್ಕದಲ್ಲೂ ಒಂದು ಹಕ್ಕಿ ಇದೆ. ಸೊರಬ ತಾಲ್ಲೂಕಿನ ನಮ್ಮೂರಿನಲ್ಲಿ ಹಿತ್ತಲು ದಾಟಿದರೆ ಕೆರೆ ಏರಿ. ಸಂಜೆ ಕೆಲಸ ಮುಗಿದ ಮೇಲೆ ಒಂದು ಬಿದಿರಿನ ಗಾಳ, ತೆಂಗಿನ ಚಿಪ್ಪಿನಲ್ಲಿ ಎರೆಹುಳ, ಒಂದು ಮುಷ್ಟಿ ಗೋಧಿಹಿಟ್ಟಿನ ಉಂಡೆ ಹಿಡಿದು ಅಲ್ಲಿ ಕೂರುತ್ತೇನೆ. ಸಿಕ್ಕರೆ ಗೆಂಡೆ, ಜಿಲೇಬಿ, ಅದೃಷ್ಟವಿದ್ದ ದಿನ ಒಂದು ಮುರುಗೋಡು. ಮೂರು ಮಳೆಗಾಲದಿಂದ ಒಂದು ಕೊಳದ ಬಕ ಅದೇ ಹೊತ್ತಿಗೆ ಅಲ್ಲಿಗೆ ಬರುತ್ತಿದೆ. ಕೊಳದ ಬಕವನ್ನು ನೀವೆಲ್ಲ ನೋಡಿರುತ್ತೀರಿ. ಕೂತಾಗ ಕೆಸರಿನ ಬಣ್ಣ, ಹಾರಿದಾಗ ಇದ್ದಕ್ಕಿದ್ದಂತೆ ಹಾಲುಬಿಳಿ. ಮರಿ ಮಾಡುವ ಕಾಲಕ್ಕೆ ಬೆನ್ನಿಗೆ ಕಡುಗೆಂಪು ಶಾಲು ಹೊದ್ದಂತೆ ಕಾಣುತ್ತದೆ. ಈ ಜಾತಿಯ ಹಕ್ಕಿಗಳೆಲ್ಲ ಒಂದೇ ಅಚ್ಚಿನವು. ಅದೇ ಹಕ್ಕಿ ಎಂದು ನನಗೆ ಗೊತ್ತಾಗುವುದು ಕಾಲಿನಿಂದ. ಅದರ ಎಡಗಾಲಿನ ನಡುಬೆರಳು ಅರ್ಧಕ್ಕೆ ತುಂಡಾಗಿದೆ. ಆ ಬೆರಳಿನ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲ ವರ್ಷ ನಾನು ಕೂತಲ್ಲಿಂದ ನಲವತ್ತು ಹೆಜ್ಜೆ ದೂರದಲ್ಲಿ ನಿಲ್ಲುತ್ತಿತ್ತು. ಈಗ ಎಂಟು ಹೆಜ್ಜೆ. ಒಂದು ದಿನವೂ ಅದಕ್ಕೆ ನಾನು ಮೀನು ಹಾಕಿಲ್ಲ, ಕರೆದಿಲ್ಲ, ಹೆಸರಿಟ್ಟಿಲ್ಲ. ಆದರೂ ಬಂತು. ಯಾಕೆ ಬಂತು ಎಂಬುದಕ್ಕೆ ಕಾವ್ಯ ಬೇಕಿಲ್ಲ, ಸ್ವಲ್ಪ ಹೊತ್ತು ಸುಮ್ಮನೆ ನೋಡಿದರೆ ಸಾಕು. ಗಾಳಕ್ಕೆ ಚುಚ್ಚುವಾಗ ಉದುರುವ ಹಿಟ್ಟಿನ ಚೂರಿಗೆ ಬೆರಳುದ್ದದ ಮರಿಮೀನುಗಳು ದಡಕ್ಕೆ ಮುತ್ತುತ್ತವೆ. ನಾನು ಜಾಗ ಬದಲಿಸುವಾಗ ಜೊಂಡಿನಿಂದ ಕಪ್ಪೆಗಳು ಚಿಮ್ಮುತ್ತವೆ. ಬಕ ಅವನ್ನು ಹೆಕ್ಕುತ್ತದೆ. ಗದ್ದೆಯಲ್ಲಿ ಎಮ್ಮೆ ಮೇಯುವಾಗ ಅದರ ಗೊರಸಿನ ಹಿಂದೆ ಗೋವಕ್ಕಿಗಳು ನಡೆಯುವುದನ್ನು ನೋಡಿದ್ದೀರಲ್ಲ, ಇದೂ ಅದೇ. ಎಮ್ಮೆ ಹುಲ್ಲು ಅಲುಗಿಸುತ್ತದೆ, ಹುಳ ಏಳುತ್ತದೆ, ಹಕ್ಕಿ ತಿನ್ನುತ್ತದೆ. ಅಂದರೆ ಆ ಬಕದ ಲೆಕ್ಕದಲ್ಲಿ ನಾನೊಂದು ಎಮ್ಮೆ. ಇದನ್ನು ಬೇಸರದಿಂದ ಹೇಳುತ್ತಿಲ್ಲ. ಕಾಡು ಹಕ್ಕಿಯೊಂದು ಮನುಷ್ಯನನ್ನು ಎಮ್ಮೆಯಷ್ಟು ನಿರುಪದ್ರವಿ ಎಂದು ತೀರ್ಮಾನಿಸುವುದಕ್ಕಿಂತ ದೊಡ್ಡ ಪ್ರಶಸ್ತಿ ನಮ್ಮ ಜಾತಿಗೆ ಸಿಗಲಾರದು.

ನನಗೂ ಅದರಿಂದ ಲಾಭವಿದೆ. ಮೊಣಕಾಲು ಮುಳುಗುವಷ್ಟು ನೀರಿನಲ್ಲಿ ಅದು ನಿಂತಿದ್ದರೆ ಅಲ್ಲಿ ಮೀನಿನ ಮರಿ ಇದೆ ಎಂದು ಅರ್ಥ. ಮರಿ ಇದ್ದಲ್ಲಿಗೆ ಮರಿ ತಿನ್ನುವ ಮೀನೂ ಬರುತ್ತದೆ. ಕಡಲಿಗೆ ಹೋಗುವವರು ಹಕ್ಕಿಗಳು ನೀರಿಗೆ ಮುಗಿಬೀಳುವ ಜಾಗ ನೋಡಿ ಮೀನಿನ ಹಿಂಡನ್ನು ಗುರುತಿಸುವುದು ಹೊಸ ವಿದ್ಯೆಯೇನಲ್ಲ. ಒಟ್ಟಿನಲ್ಲಿ ನಾವಿಬ್ಬರೂ ಒಂದೇ ದಡದಲ್ಲಿ ಒಂದೇ ಕಸುಬು ಮಾಡುವವರು. ಒಬ್ಬರ ಕೆಲಸದಿಂದ ಇನ್ನೊಬ್ಬರಿಗೆ ಚೂರುಪಾರು ಅನುಕೂಲ. ಇದಕ್ಕೆ ಕನ್ನಡದಲ್ಲಿ ಒಳ್ಳೆಯ ಪದವೊಂದು ಇದೆ: ನೆರೆ. ಪಕ್ಕದ ಮನೆಯವರು ಗೆಳೆಯರೇ ಆಗಬೇಕಿಲ್ಲ. ಅವರ ಬೇಲಿ ಕೀಳಬಾರದು, ಬಾವಿಗೆ ಕಸ ಹಾಕಬಾರದು, ಅವರ ಮನೆಗೆ ಬೆಂಕಿ ಬಿದ್ದರೆ ಸುಮ್ಮನೆ ಕೂರಬಾರದು. ನೆರೆತನದಲ್ಲಿ ಇರುವುದು ಹೆಚ್ಚಾಗಿ ಕರ್ತವ್ಯ. ಸ್ನೇಹ ಎಂದಕೂಡಲೇ ನಿರೀಕ್ಷೆ ಶುರುವಾಗುತ್ತದೆ.

ನಿರೀಕ್ಷೆ ಏನು ಮಾಡಿಸುತ್ತದೆ ಎಂಬುದನ್ನು ಹೋದ ವರ್ಷ ಕಂಡೆ. ಸುದ್ದಿ ಕೇಳಿ ಪೇಟೆಯಿಂದ ಒಬ್ಬ ತರುಣ ಕ್ಯಾಮೆರಾ ತಂದ. ಒಳ್ಳೆಯ ಹುಡುಗ, ಹಕ್ಕಿಗಳೆಂದರೆ ಪ್ರಾಣ. ಎರಡು ಸಂಜೆ ಕಾದ. ಬಕ ಎಂಟು ಹೆಜ್ಜೆಯಿಂದ ಒಳಗೆ ಬರಲಿಲ್ಲ. ಮೂರನೆಯ ಸಂಜೆ ಅವನು ಒಂದು ಜಿಲೇಬಿ ಮೀನನ್ನು ನನ್ನ ಕೈಗೆ ಕೊಟ್ಟು, "ಇದನ್ನು ಹಿಡಿದು ಕೈ ಚಾಚಿ, ಬಂದೇ ಬರುತ್ತೆ, ನಿಮ್ಮ ಫ್ರೆಂಡ್ ತಾನೇ" ಎಂದ. ಆಗುವುದಿಲ್ಲ ಎಂದೆ. ಇಷ್ಟು ವರ್ಷ ಜೊತೆಗಿದ್ದು ಒಂದು ಮೀನು ಕೊಡಲು ಮನಸ್ಸಿಲ್ಲವಲ್ಲ ಎಂದು ನೊಂದುಕೊಂಡು ಹೋದ. ಅವನ ಮಾತಿನಲ್ಲಿ ಒಂದು ತರ್ಕವಿದೆ, ಒಪ್ಪುತ್ತೇನೆ. ಗೆಳೆಯನಾದರೆ ಹತ್ತಿರ ಬರಬೇಕು, ಕೈಯಿಂದ ತಿನ್ನಬೇಕು, ಕ್ಯಾಮೆರಾ ಕಡೆ ನೋಡಬೇಕು. ಬಾರದಿದ್ದರೆ ಬರಿಸಬೇಕು. ಮಿಂಚುಳ್ಳಿ ನೀರಿಗೆ ಧುಮುಕುವ ಚಂದದ ಚಿತ್ರಕ್ಕಾಗಿ ನೀರಿನಲ್ಲಿ ತೊಟ್ಟಿ ಮುಳುಗಿಸಿ, ಅದರೊಳಗೆ ಜೀವಂತ ಮೀನು ತುಂಬಿ, ಮೇಲೊಂದು ಕೊಂಬೆ ನೆಟ್ಟು ಕಾಯುವವರ ತರ್ಕವೂ ಇದೇ. ನಾವು ಮೆಚ್ಚಿ ಹಂಚಿಕೊಳ್ಳುವ ಎಷ್ಟೋ 'ಕಾಡಿನ ಕ್ಷಣ'ಗಳು ಹೀಗೆ ಹೋಟೆಲಿನ ಮೇಜಿನಂತೆ ಅಣಿಮಾಡಿದವು.

ಒಂದು ಮೀನು ಕೊಟ್ಟರೆ ಆಗುವ ನಷ್ಟವೇನು? ಕಾಡು ಹಕ್ಕಿಯ ಬಳಿ ಇರುವ ಒಂದೇ ಆಸ್ತಿ ಎಂದರೆ ಅದರ ಭಯ. ಮನುಷ್ಯ ಎಷ್ಟು ಹತ್ತಿರ ಬಂದರೆ ಹಾರಬೇಕು ಎಂಬ ದೂರವನ್ನು ಪಕ್ಷಿ ವಿಜ್ಞಾನಿಗಳು ಹೆಜ್ಜೆ ಹೆಜ್ಜೆಯಾಗಿ ಅಳೆಯುತ್ತಾರೆ. ಆ ದೂರ ಹಕ್ಕಿಯ ಜೀವವಿಮೆ. ಕೊಳದ ಬಕದ ಆ ದೂರ ಮೊದಲೇ ಕಡಿಮೆ. ತನ್ನ ಬಣ್ಣ ತನ್ನನ್ನು ಅಡಗಿಸುತ್ತದೆ ಎಂದು ನಂಬಿ ಅದು ಕೊನೆಯ ಗಳಿಗೆಯವರೆಗೆ ಅಲುಗದೆ ಕೂರುತ್ತದೆ. ಹಿಂದಿಯಲ್ಲಿ ಅದನ್ನು 'ಅಂಧಾ ಬಗಲಾ', ಅಂದರೆ ಕುರುಡು ಬಕ ಎಂದು ಕರೆಯುವುದೇ ಇದಕ್ಕೆ. ಅಂಥ ಹಕ್ಕಿಯ ಉಳಿದ ಭಯವನ್ನೂ ನಾನು ಒಂದೊಂದು ಮೀನಿಗೆ ಒಂದೊಂದು ಹೆಜ್ಜೆಯಂತೆ ಕೊಂಡುಕೊಂಡರೆ, ನಾಳೆ ಅದೇ ಏರಿಯ ಮೇಲೆ ಕವಣೆ ಹಿಡಿದು ಬಂದವನೂ ಅದಕ್ಕೆ ನಾನೇ ಆಗಿ ಕಾಣುತ್ತಾನೆ. ನನ್ನ ಕೈ ಯಾವುದು, ಅವನ ಕೈ ಯಾವುದು ಎಂದು ಅದು ಹೇಗೆ ತಿಳಿಯಬೇಕು? ನನ್ನ ಸಂತೋಷಕ್ಕೆ ಅದರ ವಿಮೆ ಮುರಿಸುವುದಕ್ಕೆ ಸ್ನೇಹ ಎನ್ನುವುದಾದರೆ, ಬಡ್ಡಿ ವ್ಯಾಪಾರಿಯೂ ಊರಿಗೆಲ್ಲ ಸ್ನೇಹಿತನೇ.

ಇಂಥ ಸ್ನೇಹದ ಕೊನೆ ಹೇಗಿರುತ್ತದೆ ಎಂಬುದನ್ನು ಇಡೀ ದೇಶವೇ ನೋಡಿದೆ. ಉತ್ತರ ಪ್ರದೇಶದ ಅಮೇಠಿ ಜಿಲ್ಲೆಯ ರೈತನೊಬ್ಬನಿಗೆ 2022ರಲ್ಲಿ ಹೊಲದಲ್ಲಿ ಕಾಲಿಗೆ ಪೆಟ್ಟಾದ ಸಾರಸ್ ಕೊಕ್ಕರೆ ಸಿಕ್ಕಿತು. ಅವನು ಆರೈಕೆ ಮಾಡಿದ. ಗುಣವಾದ ಮೇಲೂ ಅದು ಹೋಗಲಿಲ್ಲ. ಅವನ ಜೊತೆ ಉಂಡಿತು, ಅವನ ಬೈಕಿನ ಹಿಂದೆ ಹಾರಿತು. ವಿಡಿಯೋಗಳು ಹರಿದಾಡಿದವು, ನೋಡಲು ದೊಡ್ಡವರೂ ಬಂದರು. 2023ರ ಮಾರ್ಚ್‌ನಲ್ಲಿ ಅರಣ್ಯ ಇಲಾಖೆ ಹಕ್ಕಿಯನ್ನು ಒಯ್ದು ಮೊದಲು ಸಮಸ್‌ಪುರ ಪಕ್ಷಿಧಾಮಕ್ಕೆ ಬಿಟ್ಟಿತು. ಆಮೇಲೆ ಅದು ಸೇರಿದ್ದು ಕಾನ್ಪುರದ ಮೃಗಾಲಯವನ್ನು. ರೈತನ ಮೇಲೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಪ್ರಕರಣ ದಾಖಲಾಯಿತು. ಅವನು ಮೃಗಾಲಯಕ್ಕೆ ಬಂದಾಗ ಬೇಲಿಯ ಆಚೆ ಆ ಹಕ್ಕಿ ರೆಕ್ಕೆ ಬಡಿದು ಚಡಪಡಿಸಿದ ದೃಶ್ಯವೂ ಎಲ್ಲರ ಮೊಬೈಲಿಗೆ ಬಂತು.

ಆ ರೈತನನ್ನು ನಾನು ದೂರುವುದಿಲ್ಲ. ಗಾಯಗೊಂಡ ಜೀವವನ್ನು ಎತ್ತಿಕೊಂಡವನು ಅವನು, ಕಟ್ಟಿಹಾಕಿದವನಲ್ಲ. ಸ್ವತಂತ್ರವಾಗಿ ಹಾರಾಡುತ್ತಿದ್ದ ಹಕ್ಕಿಯನ್ನು ಪಂಜರಕ್ಕೆ ಹಾಕಿ ಅದಕ್ಕೆ ಸಂರಕ್ಷಣೆ ಎಂಬ ಹೆಸರು ಕೊಟ್ಟ ವ್ಯವಸ್ಥೆಯ ಬಗ್ಗೆ ನನಗೆ ಗೌರವವೂ ಇಲ್ಲ. ಆದರೆ ಒಂದು ಮಾತು ನೋಡಿ. ಮನುಷ್ಯರ ನಡುವೆ ಸಿಕ್ಕಿಬಿದ್ದ ಕ್ಷಣದಿಂದ ಆ ಹಕ್ಕಿಯ ಬದುಕಿನ ತೀರ್ಮಾನಗಳನ್ನೆಲ್ಲ ಮನುಷ್ಯರೇ ತೆಗೆದುಕೊಂಡರು. ರೈತ, ವೀಕ್ಷಕ, ರಾಜಕಾರಣಿ, ಅಧಿಕಾರಿ, ನ್ಯಾಯದ ಬಗ್ಗೆ ಕಾಮೆಂಟು ಬರೆದ ನಾವು. ಹಕ್ಕಿಗೆ ಉಳಿದದ್ದು ರೆಕ್ಕೆ ಬಡಿಯುವುದೊಂದೇ. ಲಕ್ಷಾಂತರ ಜನ ಅದನ್ನು ಪ್ರೀತಿಸಿದರು. ಆ ಪ್ರೀತಿಯಿಂದಲೇ ಅದು ಸುದ್ದಿಯಾಯಿತು, ಸುದ್ದಿಯಿಂದಲೇ ಕಡತವಾಯಿತು.

ಉಣಿಸುವುದೇ ಪ್ರೀತಿ ಎಂದು ನಂಬಿದ ದೇಶ ನಮ್ಮದು. ಮನುಷ್ಯರ ಮಟ್ಟಿಗೆ ಅದು ದೊಡ್ಡ ಗುಣ. ಹಕ್ಕಿಗಳ ಮಟ್ಟಿಗೆ ಅದೊಂದು ಕುರುಡು. ಚಳಿಗಾಲಕ್ಕೆ ಉತ್ತರದ ಹಿಮನಾಡುಗಳಿಂದ ದೆಹಲಿಯ ಯಮುನಾ ಘಾಟಿಗೆ ಬರುವ ಗಲ್ ಹಕ್ಕಿಗಳಿಗೆ ನಾವು ಕೊಡುವ ಸ್ವಾಗತ ಎಣ್ಣೆಯಲ್ಲಿ ಕರಿದ ಖಾರಾಸೇವ್. ಸಾವಿರಾರು ಮೈಲು ಹಾರಿ ಬಂದ ಅತಿಥಿಗೆ ಪ್ಯಾಕೆಟ್ಟಿನ ಕುರುಕಲು. ಪಕ್ಕದಲ್ಲೇ ಹರಿಯುವ ನದಿಯಲ್ಲಿ ಮೀನು ಬದುಕುವಂತೆ ಮಾಡುವುದು ಕಷ್ಟ, ಸೇವ್ ಎರಚುವುದು ಸುಲಭ. ಮುಂಬೈಯ ದಾದರ್‌ನಲ್ಲಿ 2025ರಲ್ಲಿ ಪಾರಿವಾಳಗಳಿಗೆ ಕಾಳು ಹಾಕುವ ಕಬೂತರ್‌ಖಾನೆಯನ್ನು ಮುಚ್ಚಿದಾಗ ಜನ ಬೀದಿಗಿಳಿದರು. ಪಾರಿವಾಳದ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಕಾಯಿಲೆ ತರುತ್ತದೆ ಎಂದು ವೈದ್ಯರು ಹೇಳಿದರೂ, ಕಾಳು ಹಾಕುವುದು ನಮ್ಮ ಪುಣ್ಯ ಎಂಬ ಮಾತು ನಿಲ್ಲಲಿಲ್ಲ. ನಮ್ಮ ಪುಣ್ಯ ಎಂಬ ಆ ಎರಡು ಪದಗಳಲ್ಲಿ ಹಕ್ಕಿ ಎಲ್ಲಿದೆ?

ಇದಕ್ಕೆ ನನ್ನ ಗೆಳೆಯರು ಹೇಳುವ ಎದುರು ಮಾತು ಗಟ್ಟಿಯಾದದ್ದು. "ಹತ್ತಿರ ಹೋಗದೆ ಪ್ರೀತಿ ಹುಟ್ಟುವುದಿಲ್ಲ, ಪ್ರೀತಿ ಹುಟ್ಟದೆ ಯಾರೂ ಉಳಿಸುವುದಿಲ್ಲ. ಇವತ್ತು ಕೈಯಲ್ಲಿ ಕಾಳು ಹಿಡಿದ ಮಗುವೇ ನಾಳೆ ಕೆರೆಗಾಗಿ ಹೋರಾಡುವುದು. ನಿನ್ನ ಶುಷ್ಕ ನೆರೆತನದಿಂದ ಯಾವ ಮಗುವಿನ ಕಣ್ಣು ಅರಳುತ್ತದೆ?" ಇದನ್ನು ತಳ್ಳಿಹಾಕಲಾರೆ. ಆದರೆ ಪ್ರೀತಿಗೆ ಹತ್ತಿರವೇ ಬೇಕು ಎಂಬುದು ಸುಳ್ಳು ಎಂದು ತೋರಿಸಿದ ಊರು ಕರ್ನಾಟಕದಲ್ಲೇ ಇದೆ.

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಮರಗಳ ಮೇಲೆ, ಮನೆಗಳ ತಲೆಯ ಮೇಲೇ ಗೂಡು ಕಟ್ಟುತ್ತವೆ. ಅಲ್ಲಿಯ ಜನ ಅವುಗಳಿಗೆ ಕೈತುತ್ತು ಕೊಡುವುದಿಲ್ಲ. ಅವರು ಮಾಡಿದ್ದು ಬೇರೆ. ಗೂಡಿದ್ದ ಹುಣಸೆಮರವನ್ನು ಕಡಿಯಲಿಲ್ಲ, ಹಣ್ಣು ಬಡಿಯಲಿಲ್ಲ, ವಾಸನೆ ಸಹಿಸಿಕೊಂಡರು, ಹಿಕ್ಕೆಯನ್ನು ಗೊಬ್ಬರವಾಗಿ ಹೊಲಕ್ಕೆ ಒಯ್ದರು. ಗೂಡಿನಿಂದ ಬಿದ್ದ ಮರಿಗಳಿಗೆ ಮಾತ್ರ ಮೀನು ಹಾಕಿ ಸಾಕಿ, ರೆಕ್ಕೆ ಬಲಿತ ಮೇಲೆ ಬಿಟ್ಟರು. ಅದು ಆರೈಕೆ. ಬಿಡುವುದಕ್ಕಾಗಿಯೇ ಮಾಡುವ ಕೆಲಸ. 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವೆಂದು ಘೋಷಣೆಯಾಯಿತು. ಅಲ್ಲಿ ಬೆಳೆದ ಮಕ್ಕಳ ಕಣ್ಣು ಅರಳಲಿಲ್ಲವೇ? ಕೈಯಲ್ಲಿ ಕಾಳು ಹಿಡಿದದ್ದಕ್ಕಲ್ಲ, ಮನೆಯ ಹುಣಸೆಹಣ್ಣನ್ನು ಅಪ್ಪ ಅಮ್ಮ ಹಕ್ಕಿಗಾಗಿ ಬಿಟ್ಟುಕೊಟ್ಟದ್ದನ್ನು ನೋಡಿ ಅರಳಿತು. ಏನು ಕೊಟ್ಟೆ ಎಂಬುದಕ್ಕಿಂತ ಏನು ಬಿಟ್ಟೆ ಎಂಬುದು ದೊಡ್ಡ ಪಾಠ.

ದೂರದ ಉದಾಹರಣೆ ಬೇಕೆಂದರೆ ಆಫ್ರಿಕಾದ ಮೊಜಾಂಬಿಕ್‌ನಲ್ಲಿದೆ. ಅಲ್ಲಿಯ ನಿಯಾಸ್ಸಾ ಪ್ರದೇಶದ ಯಾವೋ ಜನ ಜೇನು ಹುಡುಕಲು ಹೊರಟಾಗ ಒಂದು ವಿಶೇಷ ಸದ್ದು ಮಾಡುತ್ತಾರೆ. ಹನಿಗೈಡ್ ಎಂಬ ಕಾಡು ಹಕ್ಕಿ ಅದನ್ನು ಕೇಳಿ ಬಂದು, ಮರದಿಂದ ಮರಕ್ಕೆ ಹಾರುತ್ತ ಜೇನುಗೂಡಿನತ್ತ ದಾರಿ ತೋರಿಸುತ್ತದೆ. ಜನ ಗೂಡು ಒಡೆದು ಜೇನು ತೆಗೆಯುತ್ತಾರೆ, ಹಕ್ಕಿ ಮೇಣ ತಿನ್ನುತ್ತದೆ. ಆ ಸದ್ದಿನಿಂದ ಹಕ್ಕಿ ದಾರಿ ತೋರಿಸುವ ಸಾಧ್ಯತೆ ನಿಜಕ್ಕೂ ಹೆಚ್ಚುತ್ತದೆ ಎಂದು 2016ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಆ ಹಕ್ಕಿಯನ್ನು ಯಾರೂ ಪಳಗಿಸಿಲ್ಲ. ಕೆಲಸ ಮುಗಿದ ಮೇಲೆ ಅದರ ಪಾಡಿಗೆ ಅದು, ಇವರ ಪಾಡಿಗೆ ಇವರು. ಇದರ ಪಕ್ಕದಲ್ಲಿ ಜಪಾನಿನ ನಗಾರಾ ನದಿಯ ನೀರುಕಾಗೆಗಳನ್ನು ಇಟ್ಟು ನೋಡಿ. ಸಾವಿರ ವರ್ಷಕ್ಕೂ ಹಳೆಯ ಪದ್ಧತಿ ಅದು. ಕಾಡು ನೀರುಕಾಗೆಯನ್ನು ಹಿಡಿದು ತಂದು ಪಳಗಿಸಿ, ದೊಡ್ಡ ಮೀನು ನುಂಗದಂತೆ ಕುತ್ತಿಗೆಗೆ ದಾರ ಬಿಗಿದು, ಮೀನು ಹಿಡಿಸುತ್ತಾರೆ. ಸಾಕಿದವರಿಗೆ ಆ ಹಕ್ಕಿಗಳ ಮೇಲೆ ಮಮತೆ ಇಲ್ಲವೆಂದು ನಾನು ಹೇಳಲಾರೆ. ಆದರೆ ಮಮತೆಯೂ ಇದೆ, ದಾರವೂ ಇದೆ. ನಮ್ಮ ರೀಲ್ಸ್‌ಗಳಲ್ಲಿ ದಾರ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ. ಅಭ್ಯಾಸವೆಂಬ ದಾರ ಕುತ್ತಿಗೆಯ ಮೇಲಲ್ಲ, ಹೊಟ್ಟೆಯೊಳಗೆ ಇರುತ್ತದೆ.

ದಾರ ಎಂದಾಗ ಮೀನು ಹಿಡಿಯುವ ನಮ್ಮದೇ ಜನಕ್ಕೂ ಒಂದು ಮಾತು ಹೇಳಬೇಕು. ಕನ್ನಡ ಭಾಷೆ ಬಕಕ್ಕೆ ಮಾಡಿದ ಅನ್ಯಾಯ ಸಣ್ಣದಲ್ಲ. ಒಳಗೊಂದು ಹೊರಗೊಂದು ಎಂಬ ಕಪಟಕ್ಕೆ ನಾವಿಟ್ಟ ಹೆಸರು ಬಕಧ್ಯಾನ. ಮೀನುಗಳನ್ನು ಬೇರೆ ಕೊಳಕ್ಕೆ ಒಯ್ಯುತ್ತೇನೆಂದು ನಂಬಿಸಿ ತಿಂದು, ಕೊನೆಗೆ ಏಡಿಯಿಂದ ಕುತ್ತಿಗೆ ಕತ್ತರಿಸಿಕೊಂಡ ಪಂಚತಂತ್ರದ ಕೊಕ್ಕರೆಯನ್ನು ನಾವು ಮಕ್ಕಳಿಗೆಲ್ಲ ಕಲಿಸಿದ್ದೇವೆ. ಆದರೆ ಬಕ ನಿಂತದ್ದು ಹಸಿವಿನಿಂದ, ಎಲ್ಲರ ಕಣ್ಣೆದುರು, ಕೊಕ್ಕನ್ನು ಅಡಗಿಸದೆ. ಹುಳದೊಳಗೆ ಕೊಕ್ಕೆ ಅಡಗಿಸಿ, ಮುಖದ ಮೇಲೆ ಶಾಂತಿ ಹೊತ್ತು ಕೂರುವುದು ನಾವು. ಧ್ಯಾನದ ಕಪಟ ಎಲ್ಲಾದರೂ ಇದ್ದರೆ ಅದು ಗಾಳದ ಈ ತುದಿಯಲ್ಲಿದೆ.

ಅದಕ್ಕಿಂತ ದೊಡ್ಡ ಕಪಟ ನಾವು ಎದ್ದು ಹೋದ ಮೇಲೆ ಉಳಿಯುವಂಥದ್ದು. ಗಂಟು ಬಿದ್ದ ನೈಲಾನ್ ದಾರವನ್ನು ಕತ್ತರಿಸಿ ಜೊಂಡಿಗೆ ಎಸೆದು ಹೋಗುತ್ತೇವೆ. ಅದು ವರ್ಷಗಟ್ಟಲೆ ಕೊಳೆಯುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ನೀರಲ್ಲಿ ನಡೆಯುವ ಹಕ್ಕಿಯ ಬೆರಳಿಗೆ ಸುತ್ತಿಕೊಂಡರೆ ಎಳೆದಷ್ಟೂ ಬಿಗಿಯುತ್ತದೆ, ರಕ್ತ ನಿಲ್ಲುತ್ತದೆ, ಕೆಲವು ದಿನಕ್ಕೆ ಬೆರಳು ಒಣಗಿ ಉದುರುತ್ತದೆ. ನನ್ನ ಪಕ್ಕದ ಬಕದ ನಡುಬೆರಳು ಹೀಗೇ ಹೋಯಿತು ಎಂದು ಆಣೆಯಿಟ್ಟು ಹೇಳಲಾರೆ. ಆದರೆ ನಮ್ಮ ಏರಿಯ ಉದ್ದಕ್ಕೂ ಒಂದು ಸಂಜೆ ಹೆಕ್ಕಿದರೆ ಒಂದು ಚೊಂಬಿನ ತುಂಬ ದಾರ ಸಿಗುತ್ತದೆ ಎಂಬುದನ್ನು ಹೇಳಬಲ್ಲೆ, ಹೆಕ್ಕುವವನು ನಾನೇ. ಗಾಳಕ್ಕೆ ಕಟ್ಟುವ ಸೀಸದ ಗುಂಡೂ ಅಷ್ಟೇ. ಇಂಗ್ಲೆಂಡಿನಲ್ಲಿ ಕೆಸರಿನಲ್ಲಿ ಬಿದ್ದ ಸೀಸದ ಗುಂಡುಗಳನ್ನು ನುಂಗಿ ಹಂಸಗಳು ವಿಷವೇರಿ ಸಾಯುತ್ತಿದ್ದವು. 1987ರಲ್ಲಿ ಬಹುಪಾಲು ಸೀಸದ ಗುಂಡುಗಳನ್ನು ಅಲ್ಲಿ ನಿಷೇಧಿಸಿದರು. ಆಮೇಲೆ ಹಂಸಗಳು ಚೇತರಿಸಿಕೊಂಡವು. ಆ ಹಂಸಗಳಿಗೆ ಬ್ರೆಡ್ಡು ಹಾಕಿದವರು ಲಕ್ಷ ಜನ ಇದ್ದಿರಬೇಕು. ಅವುಗಳನ್ನು ಉಳಿಸಿದ್ದು ಬ್ರೆಡ್ಡಲ್ಲ, ಗಾಳದ ತೂಕ ಬದಲಿಸಿದ ಒಂದು ಬೇಸರದ ನಿಯಮ. ಹಕ್ಕಿಯ ಮೇಲೆ ಪ್ರೀತಿ ಇರುವ ಗಾಳಗಾರ ಮೊದಲು ಮಾಡಬೇಕಾದದ್ದು ತನ್ನ ದಾರವನ್ನು ಸುತ್ತಿ ಜೇಬಿಗೆ ಹಾಕಿಕೊಳ್ಳುವುದು. ಅದರ ವಿಡಿಯೋ ಮಾಡಿದರೆ ಯಾರೂ ನೋಡುವುದಿಲ್ಲ, ನಿಜ.

ಯಾರೂ ನೋಡದ ಇನ್ನೊಂದು ಸಂಗತಿ ನಮ್ಮ ಕೆರೆಯಲ್ಲೇ ನಡೆದಿದೆ. ಕೆರೆಯ ಮೀನಿನ ಹಕ್ಕು ಹರಾಜಾಗುತ್ತದೆ, ಹಿಡಿದ ಗುತ್ತಿಗೆದಾರರು ಮೀನುಮರಿ ಬಿಡುತ್ತಾರೆ. ಮನೆಬಳಕೆಯ ಗಾಳಕ್ಕೆ ಅಡ್ಡಿಯಿಲ್ಲ. ಹೋದ ಬೇಸಿಗೆಯಲ್ಲಿ ಮರಿಗಳನ್ನು ಹಕ್ಕಿಗಳು ತಿನ್ನುತ್ತವೆಂದು ಕೆರೆಯ ಒಂದು ಮೂಲೆಯ ಮೇಲೆ ತೆಳ್ಳನೆಯ ಸಡಿಲ ಬಲೆ ಹರಡಿದರು, ಬೆಳಗ್ಗೆ ಸಂಜೆ ಪಟಾಕಿ ಸಿಡಿಸಿದರು. ಮೂರನೆಯ ದಿನ ಬಲೆಯಲ್ಲಿ ಎರಡು ಇರುಳು ಬಕಗಳು ತಲೆಕೆಳಗಾಗಿ ನೇತಾಡುತ್ತಿದ್ದವು. ಕೊಳದ ಬಕದ ವಿಡಿಯೋ ಕಳಿಸಿ ಎಂದು ನನಗೆ ಫೋನ್ ಮಾಡಿದವರ ಸಂಖ್ಯೆ ಇಪ್ಪತ್ತು ದಾಟುತ್ತದೆ. ಬಲೆಯ ವಿಷಯ ಹೇಳಿದಾಗ ಗ್ರಾಮಸಭೆಗೆ ಬಂದವರು ಮೂವರು. ಗುತ್ತಿಗೆದಾರನದು ಹೊಟ್ಟೆಪಾಡು. ಅವನ ನಷ್ಟದ ಮಾತು ಸುಳ್ಳಲ್ಲ. ಹಾಗಾಗಿಯೇ ನಾವು ಕೇಳುತ್ತಿರುವುದು ಸರಳ: ಮುಂದಿನ ಹರಾಜಿನ ಕರಾರಿನಲ್ಲಿ ಸಡಿಲ ಬಲೆ ಬೇಡ, ಗೂಡು ಕಟ್ಟುವ ತಿಂಗಳುಗಳಲ್ಲಿ ಪಟಾಕಿ ಬೇಡ, ಜೊಂಡಿರುವ ಮೂಲೆಯನ್ನು ಹರಾಜಿನಿಂದ ಹೊರಗಿಡಿ, ಅದಕ್ಕೆ ತಕ್ಕಂತೆ ಹರಾಜಿನ ಮೊತ್ತ ಇಳಿಸಿ. ಈ ನಾಲ್ಕು ಸಾಲು ಇನ್ನೂ ತೀರ್ಮಾನವಾಗಿಲ್ಲ. ಅದೇ ತಾಲ್ಲೂಕಿನ ಗುಡವಿಯಲ್ಲಿ ಪಕ್ಷಿಧಾಮವಿದೆ. ಅಲ್ಲಿ ಹಕ್ಕಿ ನೋಡಲು ಟಿಕೆಟ್ಟು ತೆಗೆದುಕೊಳ್ಳುವ ನಾವು, ಆ ಹಕ್ಕಿಗಳು ಹೊಟ್ಟೆಗಾಗಿ ಸುತ್ತಲಿನ ಊರುಗಳ ಕೆರೆ-ಗದ್ದೆಗಳಿಗೆ ಹಾರುತ್ತವೆ ಎಂಬುದನ್ನು ಮರೆಯುತ್ತೇವೆ.

ಈಗ ಸಾಹಿತ್ಯದ ಓದುಗರಿಗೆ, ಅದರಲ್ಲೂ ಬರೆಯಲು ಹೊರಟ ವಿದ್ಯಾರ್ಥಿಗಳಿಗೆ. ಕನ್ನಡದಲ್ಲಿ ಹಕ್ಕಿಯ ಬಗ್ಗೆ ಬರೆಯುವ ಒಂದು ಗಟ್ಟಿ ದಾರಿ ಆಗಲೇ ಇದೆ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಗಾಳವನ್ನೂ ಹಿಡಿದವರು, ಹಕ್ಕಿಗಳಿಗಾಗಿ ಕ್ಯಾಮೆರಾ ಹಿಡಿದು ಕಾದವರು. ಅವರು 'ಮಿಂಚುಳ್ಳಿ', 'ಹಕ್ಕಿ ಪುಕ್ಕ'ಗಳನ್ನು ಬರೆದದ್ದು ಹಕ್ಕಿಯನ್ನು ತಮ್ಮ ಒಂಟಿತನದ ಕನ್ನಡಿ ಮಾಡಿಕೊಳ್ಳಲು ಅಲ್ಲ. ಅದು ಯಾವ ಹಕ್ಕಿ, ಎಲ್ಲಿರುತ್ತದೆ, ಏನು ತಿನ್ನುತ್ತದೆ ಎಂದು ನಮಗೆ ತಿಳಿಸಲು. ಆ ಕುತೂಹಲದಲ್ಲಿ ಹಕ್ಕಿಗೆ ಒಂದು ಗೌರವವಿದೆ: ನೀನು ನನಗಾಗಿ ಇಲ್ಲ, ಆದರೂ ನಿನ್ನನ್ನು ತಿಳಿಯಬೇಕು. ಗೆಳೆತನದ ಪ್ರಬಂಧದಲ್ಲಿ ಈ ಗೌರವ ಇರುವುದಿಲ್ಲ. ಅಲ್ಲಿ ಹಕ್ಕಿ ಬರುವುದೂ ಹೋಗುವುದೂ ಲೇಖಕನ ಮನಸ್ಸಿನ ಹವಾಮಾನಕ್ಕೆ ತಕ್ಕಂತೆ. ನೀವು ಹಕ್ಕಿಯ ಬಗ್ಗೆ ಬರೆಯುವುದಾದರೆ ಅದರ ಮರದ ಹೆಸರು ಬರೆಯಿರಿ, ಅದರ ನೀರು ಎಲ್ಲಿಂದ ಬರುತ್ತದೆಂದು ಬರೆಯಿರಿ, ಆ ನೀರನ್ನು ಯಾರು ಹರಾಜು ಹಾಕುತ್ತಾರೆಂದು ಬರೆಯಿರಿ. ಅಷ್ಟಾದ ಮೇಲೂ ಜಾಗ ಉಳಿದರೆ ನಿಮ್ಮ ಒಂಟಿತನಕ್ಕೆ ಕೊಡಿ.

ನಮ್ಮ ಪುರಾಣದಲ್ಲಿ ಇನ್ನೊಂದು ಬಕ ಇದೆ, ಪಂಚತಂತ್ರದ್ದಲ್ಲ. ಮಹಾಭಾರತದ ಅರಣ್ಯಪರ್ವದಲ್ಲಿ ಬಾಯಾರಿದ ಪಾಂಡವರು ಒಬ್ಬೊಬ್ಬರಾಗಿ ಕೊಳಕ್ಕೆ ಬಂದಾಗ ಅವರನ್ನು ತಡೆದ ಯಕ್ಷ, ಧರ್ಮರಾಯನ ಎದುರು, ಪಾಚಿಯನ್ನೂ ಮೀನನ್ನೂ ತಿಂದು ಬದುಕುವ ಬಕ ಎಂದೇ ಮೊದಲು ಹೇಳಿಕೊಳ್ಳುತ್ತಾನೆ. ಈ ಕೊಳದ ಮೇಲೆ ಮೊದಲ ಹಕ್ಕು ತನ್ನದು, ಪ್ರಶ್ನೆಗೆ ಉತ್ತರ ಹೇಳಿ ಆಮೇಲೆ ನೀರು ಮುಟ್ಟು ಎಂಬುದು ಅವನ ವಾದ. ಕಿವಿಗೆ ಹಾಕಿಕೊಳ್ಳದೆ ನೀರು ಕುಡಿದ ನಾಲ್ವರು ದಡದಲ್ಲೇ ಬಿದ್ದರು. ಆ ಬಕ ಯಾರ ಸ್ನೇಹವನ್ನೂ ಕೇಳಲಿಲ್ಲ, ಯಾರ ಕೈತುತ್ತನ್ನೂ ಕೇಳಲಿಲ್ಲ. ಕೇಳಿದ್ದು ಉತ್ತರ. ನಮ್ಮ ಕೆರೆಗಳ ದಡದಲ್ಲಿ ಕೆಸರಿನ ಬಣ್ಣ ಹೊದ್ದು ನಿಂತಿರುವ ಹಕ್ಕಿಗಳೂ ಅದನ್ನೇ ಕೇಳುತ್ತಿವೆ: ಈ ನೀರು ಯಾರದು? ಅದಕ್ಕೆ ಉತ್ತರ ಕೊಡಬೇಕಾದದ್ದು ಕ್ಯಾಮೆರಾದ ಮುಂದಲ್ಲ, ಗ್ರಾಮಸಭೆಯಲ್ಲಿ, ಹರಾಜಿನ ಕರಾರುಪತ್ರದಲ್ಲಿ. ಅಲ್ಲಿ ಬಾಯಿ ಬಿಡದವರು ದಯವಿಟ್ಟು ಹಕ್ಕಿಯನ್ನು ಗೆಳೆಯ ಎನ್ನಬೇಡಿ.